ಗೆರೆಗಳ ಕೆಳಗಿನ ಅಂಕಿಗಳು

ಮುದ್ದೇಬಿಹಾಳದ ಯಾವುದೇ ಕಿರಾಣಿ ಅಂಗಡಿಯಲ್ಲಿ ಸಾಬೂನಿನ ಪೊಟ್ಟಣವೊಂದನ್ನು ತಿರುವಿ ನೋಡಿದರೆ ಹಿಂಬದಿಯಲ್ಲಿ ಕಪ್ಪು ಗೆರೆಗಳ ಪಟ್ಟಿ ಕಾಣುತ್ತದೆ. ಆ ಗೆರೆಗಳ ಬುಡದಲ್ಲಿ ಹದಿಮೂರು ಅಂಕಿಗಳಿರುತ್ತವೆ. ನಮ್ಮ ದೇಶದಲ್ಲಿ ನೋಂದಾಯಿಸಿದ್ದಾದರೆ ಅವು 890ರಿಂದ ಶುರುವಾಗುತ್ತವೆ. ಗೆರೆ ಯಂತ್ರಕ್ಕೆ, ಅಂಕಿ ಮನುಷ್ಯನಿಗೆ. ಎರಡೂ ಹೇಳುವುದು ಒಂದೇ ಮಾತು. ಪೊಟ್ಟಣ ಸುಕ್ಕಾಗಿ ಯಂತ್ರ ಓದದೆ ಹೋದರೆ ಕೆಲಸದವರು ಅಂಕಿಗಳನ್ನು ನೋಡಿ ಬೆರಳಲ್ಲಿ ಒತ್ತುತ್ತಾರೆ, ಲೆಕ್ಕ ಮುಂದುವರಿಯುತ್ತದೆ. ಅದೇ ಅಂಗಡಿಯ ಗಲ್ಲೆಯ ಮುಂದೆ ಇನ್ನೊಂದು ಗುರುತು ಇದೆ: ಚುಕ್ಕಿ ಚುಕ್ಕಿಯ ಚೌಕ, ಕ್ಯೂಆರ್ ಕೋಡ್. ಅದರ ಕೆಳಗೆ ಅಂಗಡಿಯ ಹೆಸರಿದ್ದರೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಚೌಕದ ಹೊಟ್ಟೆಯೊಳಗೆ ಏನಿದೆ ಎಂಬುದಕ್ಕೆ ಕಣ್ಣಿನ ಸಾಕ್ಷಿ ಇಲ್ಲ. ಅದನ್ನು ಫೋನೇ ಓದಿ ಹೇಳಬೇಕು, ನಾವು ನಂಬಬೇಕು. ಗೆರೆಗಳ ಕೆಳಗೆ ಅಂಕಿ ಬರೆಯುವ ಆ ಹಳೆಯ ಸೌಜನ್ಯ ಚೌಕದ ಕಾಲಕ್ಕೆ ಬರುವಷ್ಟರಲ್ಲಿ ಕಳೆದುಹೋಯಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ಊರುಗಳಲ್ಲಿ ಅದನ್ನು ಕನ್ನಡದಲ್ಲಿ ಮರಳಿ ತರಬೇಕು, ಜೊತೆಗೆ ಫೋನಿನ ಕ್ಯಾಮೆರಾ ಚೌಕವನ್ನು ಓದುವಷ್ಟೇ ಸಲೀಸಾಗಿ ನಮ್ಮ ಅಕ್ಷರವನ್ನೂ ಓದುವಂತಾಗಬೇಕು ಎಂಬುದು ಈ ಬರಹದ ವಾದ.

ಮೊದಲು ಗೆರೆಗಳ ಕಥೆ. ಅಮೆರಿಕದ ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್ ಸಮುದ್ರ ದಂಡೆಯ ಉಸುಕಿನಲ್ಲಿ ಮೋರ್ಸ್ ಸಂಕೇತದ ಚುಕ್ಕಿ ಮತ್ತು ಗೀಟುಗಳನ್ನು ಬೆರಳಿನಿಂದ ಕೆಳಕ್ಕೆಳೆದಾಗ ಸಪೂರ ಗೆರೆ, ದಪ್ಪ ಗೆರೆಗಳ ಕಲ್ಪನೆ ಹುಟ್ಟಿತು. 1952ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಅಂಗಡಿಯಲ್ಲಿ ಅದು ಮೊದಲು ಕೆಲಸ ಮಾಡಿದ್ದು 1974ರ ಜೂನ್ 26ರಂದು, ಒಹಾಯೊ ರಾಜ್ಯದ ಟ್ರಾಯ್ ಎಂಬ ಊರಿನಲ್ಲಿ, ಚೂಯಿಂಗ್ ಗಮ್ಮಿನ ಒಂದು ಪೊಟ್ಟಣದ ಮೇಲೆ. ಆದರೆ ಗೆರೆಗಳ ಪಟ್ಟಿಯಲ್ಲಿ ಹಿಡಿಯುವುದು ಕೆಲವೇ ಅಂಕಿ. ಜಪಾನಿನ ಮೋಟಾರು ಬಿಡಿಭಾಗಗಳ ಕಾರ್ಖಾನೆಗಳಲ್ಲಿ ಒಂದೊಂದು ಪೆಟ್ಟಿಗೆಗೂ ಹಲವು ಪಟ್ಟಿ ಅಂಟಿಸಿ ಹಲವು ಸಲ ಓದಿಸಬೇಕಾಗಿ ಬಂದಾಗ, ಡೆನ್ಸೊ ವೇವ್ ಸಂಸ್ಥೆಯ ಮಸಾಹಿರೊ ಹಾರಾ ಮತ್ತು ಸಂಗಡಿಗರು 1994ರಲ್ಲಿ ಉದ್ದಕ್ಕೂ ಅಡ್ಡಕ್ಕೂ ಮಾಹಿತಿ ತುಂಬುವ ಚೌಕವನ್ನು ರೂಪಿಸಿದರು. ಕರಿ ಬಿಳಿ ಕಾಯಿಗಳ ಗೋ ಎಂಬ ಮಣೆಯಾಟ ಅದಕ್ಕೆ ಸ್ಫೂರ್ತಿ. ಅತಿ ದೊಡ್ಡ ಚೌಕದಲ್ಲಿ 7,089 ಅಂಕಿಗಳು ಹಿಡಿಸುತ್ತವೆ. ಪೇಟೆಂಟ್ ಇದ್ದರೂ ಡೆನ್ಸೊ ಹಕ್ಕು ಚಲಾಯಿಸಲಿಲ್ಲ. ಯಾರು ಬೇಕಾದರೂ ಬಳಸಲೆಂದು ಬಿಟ್ಟುಕೊಟ್ಟಿತು. ಬೀದಿಬದಿಯ ಮಿರ್ಚಿ ಗಾಡಿಯ ಮೇಲೂ ಇವತ್ತು ಅದು ನೇತಾಡುತ್ತಿರುವುದಕ್ಕೆ ಆ ಔದಾರ್ಯವೂ ಒಂದು ಕಾರಣ. ಆದರೆ ಹುಟ್ಟಿದ್ದು ಕಾರ್ಖಾನೆಯಲ್ಲಿ. ಅಲ್ಲಿ ಓದಬೇಕಾದದ್ದು ಯಂತ್ರವೇ ಹೊರತು ಗಿರಾಕಿಯಲ್ಲ. ಮನುಷ್ಯನಿಗಾಗಿ ಒಂದು ಸಾಲು ಬರೆಯುವ ಅಗತ್ಯ ಯಾರಿಗೂ ಕಾಣಲಿಲ್ಲ. ಆ ಮೂಲದ ಗುಣ ಚೌಕ ಪೇಟೆಗೆ ಬಂದ ಮೇಲೂ ಬದಲಾಗಲಿಲ್ಲ.

ಚೌಕವನ್ನು ಫೋನು ಓದುವ ಬಗೆ ನಮ್ಮ ಹೆಣ್ಣುಮಕ್ಕಳಿಗೆ ಹೊಸತೇನಲ್ಲ. ಕಸೂತಿ ಹಾಕುವವರು ಬಟ್ಟೆಯ ಮೇಲೆ ಗೀಟು ಎಳೆದುಕೊಳ್ಳುವುದಿಲ್ಲ. ನೇಯ್ಗೆಯ ಎಳೆ ಎಣಿಸಿ, ಇಲ್ಲಿ ಹೊಲಿಗೆ, ಇಲ್ಲಿ ಖಾಲಿ ಎಂದು ಗೋಪುರ, ತೇರು ಮೂಡಿಸುತ್ತಾರೆ. ಫೋನೂ ಹಾಗೆಯೇ ಎಣಿಸುತ್ತದೆ. ಮೊದಲು ಮೂರು ಮೂಲೆಯ ದೊಡ್ಡ ಚೌಕಗಳನ್ನು ಹುಡುಕುತ್ತದೆ. ಯಾವ ದಿಕ್ಕಿನಿಂದ ಒಂದೊಂದರ ನಡುಮಧ್ಯ ಹಾದು ಗೆರೆ ಎಳೆದರೂ ಕಪ್ಪು ಬಿಳುಪು ಒಂದು, ಒಂದು, ಮೂರು, ಒಂದು, ಒಂದು ಎಂಬ ಅಳತೆಯಲ್ಲಿ ಬರುತ್ತವೆ. ಬೇರೆ ಅಚ್ಚಿನಲ್ಲಿ ಅಪರೂಪವಾಗಿ ಕಾಣುವ ಅಳತೆ ಎಂದೇ ಅದನ್ನು ಆರಿಸಿಕೊಂಡರು. ಮೂಲೆ ಸಿಕ್ಕಿತೆಂದರೆ ಕಾಗದ ಓರೆಯಾಗಿದ್ದರೂ ತಲೆಕೆಳಗಾಗಿದ್ದರೂ ಫೋನು ಅದನ್ನು ಮನಸ್ಸಿನಲ್ಲೇ ನೆಟ್ಟಗೆ ಮಾಡಿಕೊಂಡು ಮನೆ ಮನೆ ಎಣಿಸುತ್ತದೆ: ಕಪ್ಪು ಒಂದು, ಬಿಳಿ ಸೊನ್ನೆ. ಎಲ್ಲಕ್ಕಿಂತ ಜಾಣತನವಿರುವುದು ತಪ್ಪು ತಿದ್ದುವ ಲೆಕ್ಕದಲ್ಲಿ. 1960ರಲ್ಲಿ ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ ಎಂಬ ಗಣಿತಜ್ಞರು ಕಂಡುಕೊಂಡ ವಿಧಾನದಂತೆ ಅಸಲು ಮಾಹಿತಿಯ ಜೊತೆಗೆ ಹೆಚ್ಚುವರಿ ಅಂಕಿಗಳನ್ನು ಹೆಣೆದಿರುತ್ತಾರೆ. ಅತಿ ಗಟ್ಟಿ ಮಟ್ಟದ ಕೋಡಿನಲ್ಲಿ ಶೇ 30ರಷ್ಟು ಹಾಳಾದರೂ ಉಳಿದದ್ದರಿಂದ ಪೂರ್ತಿಯನ್ನು ಕಟ್ಟಿಕೊಳ್ಳಬಹುದು. ಎರೆಮಣ್ಣಿನ ಧೂಳು, ಭಂಡಾರ, ಎಣ್ಣೆಕೈ ಎಲ್ಲ ತಾಗಿದ ಚೀಟಿಯೂ ಸಂತೆಯಲ್ಲಿ ಕೆಲಸ ಮಾಡುವುದು ಇದರಿಂದ. ಇಲ್ಲೊಂದು ಗುಣ ನೆನಪಿಡಬೇಕು: ಈ ಓದು ಒಂದೋ ಸರಿಯಾಗುತ್ತದೆ, ಇಲ್ಲವೋ ಓದಲಾರೆ ಎನ್ನುತ್ತದೆ. ಅಂದಾಜು ಹೊಡೆಯುವುದಿಲ್ಲ.

2016ರಲ್ಲಿ ರಾಷ್ಟ್ರೀಯ ಪಾವತಿ ನಿಗಮವು ಯುಪಿಐ ತಂದ ಮೇಲೆ ಕಾರ್ಖಾನೆಯ ಈ ಚೌಕ ಭಾರತದ ಬೀದಿಗಿಳಿಯಿತು. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ದೇಶದಲ್ಲಿ ಎರಡು ಸಾವಿರ ಕೋಟಿಗೂ ಹೆಚ್ಚು ಯುಪಿಐ ವಹಿವಾಟು ನಡೆದವು. ವಿಜಯಪುರ ಜಿಲ್ಲೆಯ ಹಳೆಯ ತಾಲ್ಲೂಕುಗಳಾದ, ಮೊದಲು ಹೆಸರಿಸಿದ ನಾಲ್ಕು ಊರುಗಳೂ, ಅವುಗಳಿಂದ ಒಡೆದು ಹೊಸ ತಾಲ್ಲೂಕುಗಳಾದ ಚಡಚಣ, ತಾಳಿಕೋಟೆ, ನಿಡಗುಂದಿ, ದೇವರಹಿಪ್ಪರಗಿಗಳೂ ಆ ಲೆಕ್ಕದೊಳಗಿವೆ. ಆದರೆ ಈ ಜಿಲ್ಲೆಗೆ ಇನ್ನೊಂದು ಲೆಕ್ಕವೂ ಇದೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75 ದಾಟಿದ್ದಾಗ ಇಲ್ಲಿ ಇದ್ದದ್ದು ಶೇ 67ರ ಆಸುಪಾಸು. ಹೆಣ್ಣುಮಕ್ಕಳಲ್ಲಿ ಶೇ 57. ಅಕ್ಷರ ಬಲ್ಲವರಲ್ಲೂ ಇಂಗ್ಲಿಷನ್ನು ಸರಾಗವಾಗಿ ಓದುವವರು ಎಷ್ಟು ಎಂಬುದನ್ನು ಹಳ್ಳಿ ಬಲ್ಲವರಿಗೆ ಹೇಳಬೇಕಿಲ್ಲ. ಅಂದರೆ ಓದು ತೊಡಕಾಗಿರುವ ನಾಡಿನಲ್ಲಿ ಓದುವ ಯಂತ್ರ ಎಲ್ಲರ ಕೈಗೂ ಬಂದಿದೆ. ಇದಕ್ಕಿಂತ ಒಳ್ಳೆಯ ಅವಕಾಶ ಯಾವುದಿದ್ದೀತು? ಆ ಯಂತ್ರ ಯಾರ ಪರವಾಗಿ ಓದುತ್ತಿದೆ ಎಂಬುದಷ್ಟೇ ಪ್ರಶ್ನೆ.

ಹಣದ ವ್ಯವಹಾರದಲ್ಲೇ ಇದರ ಉತ್ತರ ಅರ್ಧ ಸಿಗುತ್ತದೆ. ಗಲ್ಲೆಯ ಮೇಲಿನ ಪುಟ್ಟ ಸ್ಪೀಕರ್ ಡಬ್ಬಿ ‘ಇಷ್ಟು ರೂಪಾಯಿ ಬಂದಿದೆ’ ಎಂದು ಕನ್ನಡದಲ್ಲೇ ಕೂಗುತ್ತದೆ. ವ್ಯಾಪಾರಿ ಕೈಕೆಲಸ ಬಿಟ್ಟು ಪರದೆ ನೋಡಬೇಕಿಲ್ಲ, ಓದು ಬರದಿದ್ದರೂ ಮೋಸಹೋಗಬೇಕಿಲ್ಲ. ಇದೊಂದು ಒಳ್ಳೆಯ ಏರ್ಪಾಡು. ಗೆರೆಗಳ ಕೆಳಗಿನ ಅಂಕಿಗೆ ದನಿ ಬಂದಂತೆ. ಆದರೆ ದುಡ್ಡು ಕೊಡುವವರ ಕಡೆ ಹೇಗಿದೆ? ಪಡೆಯುವವರ ಹೆಸರಾಗಿ ಬ್ಯಾಂಕಿನಲ್ಲಿ ನೋಂದಾಯಿತವಾದ ನಿಜ ಹೆಸರನ್ನೇ ಪರದೆಯ ಮೇಲೆ ತೋರಿಸಬೇಕೆಂದು ಪಾವತಿ ನಿಗಮವು 2025ರ ಜೂನ್ 30ರ ಗಡುವು ಹಾಕಿ ಕಟ್ಟಪ್ಪಣೆ ಮಾಡಿತು. ಅಂಗಡಿಯ ಚೌಕದ ಮೇಲೆ ಬೇರೊಬ್ಬ ತನ್ನ ಚೌಕವನ್ನು ರಾತ್ರಿ ಅಂಟಿಸಿ ಹೋಗುವ ಮೋಸಕ್ಕೆ ಇರುವ ಒಂದೇ ಸರಳ ಮದ್ದು ಅದು: ಹೆಸರು ಓದಿ, ಆಮೇಲೆ ಪಿನ್ ಒತ್ತಿ. ನಿಯಮವೇನೋ ಸರಿ. ಆದರೆ ಆ ಹೆಸರು ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರದಲ್ಲಿ ಬರುತ್ತದೆ. ಆ್ಯಪಿನ ಉಳಿದ ಮಾತೆಲ್ಲ ಕನ್ನಡಕ್ಕೆ ತಿರುಗಿದರೂ ಹೆಸರು ತಿರುಗುವುದಿಲ್ಲ. ಕಾವಲಿಗೆ ನಿಲ್ಲಿಸಿದ ಆ ಒಂದು ಪದವೇ ಓದಲು ಬಾರದ ಲಿಪಿಯಲ್ಲಿದ್ದರೆ ಕಾವಲು ಯಾರಿಗೆ? ‘ಸ್ಕ್ಯಾನ್ ಮಾಡಿ, ನಿಮ್ಮ ಖಾತೆಗೆ ಹಣ ಬರುತ್ತದೆ’ ಎಂದು ಚೌಕದ ಚಿತ್ರ ಕಳಿಸಿ ಹಣ ದೋಚುವವರೂ ನಂಬಿರುವುದು ಇದೇ ಕತ್ತಲೆಯನ್ನು. ಹಣ ಪಡೆಯಲು ಪಿನ್ ಒತ್ತಬೇಕಿಲ್ಲ ಎಂಬ ಒಂದು ಸಾಲು ಪಿನ್ ಕೇಳುವ ಪರದೆಯ ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ ಬಂದರೆ, ಕಳಕೊಂಡ ಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುವವರ ಸಂಖ್ಯೆ ಇಳಿದೀತು.

ಜನ ಹೇಗೋ ನಿಭಾಯಿಸುತ್ತಿದ್ದಾರಲ್ಲ, ಇಷ್ಟು ತಲೆಕೆಡಿಸಿಕೊಳ್ಳುವುದು ಏಕೆ ಎಂದು ಕೇಳುವವರಿದ್ದಾರೆ. ಬಾಜಾರದಲ್ಲಿ ನಿಭಾಯಿಸುತ್ತಿರುವುದು ನಿಜ. ಅಲ್ಲಿ ಎದುರಿಗೆ ಒಬ್ಬ ಮನುಷ್ಯ ಇರುತ್ತಾನೆ, ಮುಖ ನೋಡಿ ಮಾತಾಡಿ ತಪ್ಪು ಸರಿಪಡಿಸಿಕೊಳ್ಳಬಹುದು. ಆದರೆ ಚೌಕ ಈಗ ಮುಖವಿಲ್ಲದ ಕಡೆಗಳಿಗೂ ಹೋಗಿದೆ. 2023ರ ಆಗಸ್ಟ್ 1ರಿಂದ ದೇಶದಲ್ಲಿ ಹೆಚ್ಚು ಮಾರಾಟವಾಗುವ 300 ಔಷಧ ಬ್ರಾಂಡುಗಳ ಮೇಲೆ ಬಾರ್ ಕೋಡ್ ಇಲ್ಲವೆ ಕ್ಯೂಆರ್ ಕೋಡ್ ಕಡ್ಡಾಯ. ಔಷಧದ ಹೆಸರು, ತಯಾರಕರ ವಿಳಾಸ, ಬ್ಯಾಚ್, ತಯಾರಾದ ದಿನ, ಮುಗಿಯುವ ದಿನ ಅದರೊಳಗಿರಬೇಕು. ಅದೇ ವರ್ಷ ಕೇಂದ್ರ ಕೃಷಿ ಇಲಾಖೆ ಸಾಥಿ ಎಂಬ ವ್ಯವಸ್ಥೆ ತಂದು, ಬೀಜದ ಚೀಲದ ಮೇಲಿನ ಚೌಕದಿಂದ ಆ ಬೀಜ ಎಲ್ಲಿ ಬೆಳೆದದ್ದು, ಯಾರು ಪ್ರಮಾಣೀಕರಿಸಿದ್ದು ಎಂದು ತಿಳಿಯಲು ಹಾದಿ ಮಾಡಿತು. ಎರಡೂ ಉದ್ದೇಶ ಉತ್ತಮವಾದವು. ತೊಗರಿ ಬಿತ್ತುವ ರೈತನಿಗೆ ನಕಲಿ ಬೀಜ ಒಂದು ವರ್ಷದ ಬಾಳನ್ನೇ ತಿನ್ನುತ್ತದೆ; ಹೂವೂ ಕಾಯೂ ಕಾಣುವಷ್ಟರಲ್ಲಿ ಮುಂಗಾರು ಮುಗಿದಿರುತ್ತದೆ. ಆದರೆ ಸ್ಕ್ಯಾನ್ ಮಾಡಿದಾಗ ತೆರೆದುಕೊಳ್ಳುವ ಪುಟ ಇಂಗ್ಲಿಷಿನಲ್ಲಿದ್ದರೆ, ಆತ ಮತ್ತೆ ಅದೇ ಅಂಗಡಿಯವನ ಮುಂದೆ ಫೋನು ಹಿಡಿದು ‘ಇದರಾಗ ಏನ್ ಬರದೈತಿ ನೋಡ್ರಿ’ ಎನ್ನಬೇಕಾಗುತ್ತದೆ. ಯಾರ ಮಾತನ್ನು ಪರೀಕ್ಷಿಸಬೇಕಿತ್ತೋ ಅವನೇ ಪರೀಕ್ಷೆಯ ಫಲಿತಾಂಶ ಓದಿ ಹೇಳುವವನಾದರೆ, ಚೌಕ ಇದ್ದೂ ಇಲ್ಲದಂತೆ.

ಓದು ಬಾರದವರನ್ನು ನೆನಪಿಟ್ಟುಕೊಂಡು ಗುರುತು ಮಾಡುವುದು ನಮ್ಮ ಕಾನೂನಿಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಕೀಟನಾಶಕದ ಡಬ್ಬಿಯ ಮೇಲೆ ಓರೆ ನಿಂತ ಚೌಕವೊಂದು ಇರುತ್ತದೆ. ಅದರ ಕೆಳಗಿನ ಅರ್ಧಕ್ಕೆ ಬಣ್ಣ. ಕೆಂಪಾದರೆ ಕಡು ವಿಷ, ಆಮೇಲೆ ಹಳದಿ, ನೀಲಿ, ಹಸಿರು ಎಂದು ವಿಷದ ತೀವ್ರತೆ ಇಳಿಯುತ್ತದೆ. 1971ರ ಕೀಟನಾಶಕ ನಿಯಮಗಳು ತಂದ ಈ ಗುರುತಿಗೆ ಅಕ್ಷರವೂ ಬೇಡ, ಫೋನೂ ಬೇಡ, ಸಿಗ್ನಲ್ಲೂ ಬೇಡ. ಹೊಲದ ಬದುವಿನ ಮೇಲೆ ನಿಂತು ನೋಡಿದರೆ ಸಾಕು. ಜೊತೆಗೆ ಡಬ್ಬಿಯೊಳಗೆ ಮಡಿಚಿಟ್ಟ ಚೀಟಿಯಲ್ಲಿ ನಾಡಭಾಷೆಯ ವಿವರವೂ ಇರಬೇಕೆಂದು ನಿಯಮ. ಆ ಚೀಟಿಯ ಅಕ್ಷರ ಸಾಸಿವೆಗಿಂತ ಸಣ್ಣದು ಎಂಬುದು ಬೇರೆ ಮಾತು. ಆದರೂ ತತ್ವ ಸರಿಯಾಗಿದೆ. ಮೊದಲು ಬರಿಗಣ್ಣಿಗೆ ಕಾಣುವ ಗುರುತು, ಆಮೇಲೆ ಓದಬಲ್ಲವರಿಗೆ ಅಕ್ಷರ, ಅದರ ಮೇಲೆ ಬೇಕಾದರೆ ಯಂತ್ರಕ್ಕೊಂದು ಕೋಡ್. ಈ ಕ್ರಮ ತಲೆಕೆಳಗಾಗಿ, ಕೋಡ್ ಹಾಕಿದ್ದೇವಲ್ಲ ಎಂಬ ನೆಪದಲ್ಲಿ ಮೊದಲೆರಡು ಮಾಯವಾಗುವುದೇ ಅಪಾಯ.

ಚೌಕದ ಹಿಂದೆ ತಾಯ್ನುಡಿ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಭೀಮೆಯ ಮೇಲ್ದಂಡೆಯಲ್ಲೇ ಇದೆ. ಇಂಡಿ ತಾಲ್ಲೂಕಿನ ಗಡಿ ದಾಟಿದರೆ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆ. ಆ ಜಿಲ್ಲೆಯ ಮಾಢಾ ತಾಲ್ಲೂಕಿನ ಪರಿತೆವಾಡಿ ಎಂಬ ಹಳ್ಳಿಯ ಜಿಲ್ಲಾ ಪರಿಷತ್ ಶಾಲೆಗೆ 2009ರಲ್ಲಿ ರಣಜಿತ್‌ಸಿಂಹ ಡಿಸಲೆ ಶಿಕ್ಷಕರಾಗಿ ಬಂದರು. ಅವರಿಗೆ 2020ರ ಜಾಗತಿಕ ಶಿಕ್ಷಕ ಪ್ರಶಸ್ತಿ ನೀಡಿದ ವಾರ್ಕಿ ಪ್ರತಿಷ್ಠಾನ ಹೇಳುವಂತೆ, ಪಠ್ಯ ಇದ್ದ ಭಾಷೆ ಅಲ್ಲಿನ ಹೆಣ್ಣುಮಕ್ಕಳ ಮನೆಮಾತಾಗಿರಲಿಲ್ಲ. ಅವರ ಮನೆಮಾತು ಕನ್ನಡ. ಡಿಸಲೆ ಹಳ್ಳಿಯಲ್ಲೇ ನೆಲೆಸಿ ಆ ಭಾಷೆ ಕಲಿತರು, ಒಂದರಿಂದ ನಾಲ್ಕನೇ ತರಗತಿಯ ಪುಸ್ತಕಗಳನ್ನು ಮರುರೂಪಿಸಿ, ಹಾಡು, ಕಥೆ, ಪಾಠದ ವಿಡಿಯೊಗಳಿಗೆ ಕೊಂಡೊಯ್ಯುವ ಕ್ಯೂಆರ್ ಕೋಡುಗಳನ್ನು ಅವುಗಳಲ್ಲಿ ಸೇರಿಸಿದರು. ಆಮೇಲೆ 2017ರಲ್ಲಿ ಮಹಾರಾಷ್ಟ್ರ ಸರ್ಕಾರ ಎಲ್ಲ ತರಗತಿಯ ಪುಸ್ತಕಗಳಿಗೂ, 2018ರಲ್ಲಿ ಕೇಂದ್ರವು ಎನ್‌ಸಿಇಆರ್‌ಟಿ ಪುಸ್ತಕಗಳಿಗೂ ಕೋಡ್ ಸೇರಿಸುವುದಾಗಿ ಪ್ರಕಟಿಸಿದವು. ಹತ್ತು ಲಕ್ಷ ಡಾಲರ್ ಬಹುಮಾನದ ಅರ್ಧವನ್ನು ಅವರು ಅಂತಿಮ ಸುತ್ತಿನ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚಿದ್ದು ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ಆದರೆ ನಮಗೆ ಮುಖ್ಯವಾಗಬೇಕಾದ್ದು ಕೆಲಸದ ಕ್ರಮ. ಕೋಡ್ ಕೊನೆಗೆ ಬಂತು; ಮೊದಲು ಬಂದದ್ದು ಮಗುವಿನ ಮಾತು. ಇಂದು ಕರ್ನಾಟಕದ ಪಠ್ಯಪುಸ್ತಕಗಳಲ್ಲೂ ಚೌಕಗಳಿವೆ, ಅವು 2017ರಲ್ಲಿ ಆರಂಭವಾದ ದೀಕ್ಷಾ ಎಂಬ ರಾಷ್ಟ್ರೀಯ ವೇದಿಕೆಗೆ ಕರೆದೊಯ್ಯುತ್ತವೆ. ಆ ಬಾಗಿಲ ಆಚೆ ಸಿಂದಗಿಯ ಮಗುವಿಗೆ ತಿಳಿಯುವ ಮಾತಿನಲ್ಲಿ ಪಾಠವಿದೆಯೇ ಎಂಬುದರ ಮೇಲೆಯೇ ಆ ಚೌಕದ ಬೆಲೆ ನಿಂತಿದೆ.

ಬಾಗಿಲು ಎಂದಾಗ ಅದರ ಇನ್ನೊಂದು ದೌರ್ಬಲ್ಯವನ್ನೂ ಹೇಳಬೇಕು. ಬಹುಪಾಲು ಚೌಕಗಳ ಹೊಟ್ಟೆಯಲ್ಲಿ ವಿಷಯವೇ ಇರುವುದಿಲ್ಲ, ವಿಷಯ ಇರುವ ಜಾಗದ ವಿಳಾಸವಷ್ಟೇ ಇರುತ್ತದೆ. ಆ ವಿಳಾಸದ ಮನೆ ಬಿದ್ದರೆ, ಜಾಲತಾಣದ ಬಾಡಿಗೆ ಕಟ್ಟದೆ ಹೋದರೆ, ಫಲಕ ಅಲ್ಲೇ ನಿಂತಿರುತ್ತದೆ, ಮೂಕವಾಗಿ. ಇಂಡಿ ತಾಲ್ಲೂಕಿನ ಸಾಲೋಟಗಿಯ ಕಂಬ ಶಾಸನವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ರಾಷ್ಟ್ರಕೂಟರ ಮೂರನೇ ಕೃಷ್ಣನ ಕಾಲದ್ದು, ಕ್ರಿ.ಶ. 945ರದ್ದು. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿದ್ದ ಶಾಲೆಗೆ ಭೂಮಿ, ವಸತಿ, ದೀಪದ ಖರ್ಚಿಗೆ ದತ್ತಿ ಬಿಟ್ಟದ್ದನ್ನೂ, ಮದುವೆ ಉಪನಯನಗಳಲ್ಲಿ ಜನ ಇಷ್ಟಿಷ್ಟು ಕಾಣಿಕೆ ಕೊಡಬೇಕೆಂದು ಗೊತ್ತುಮಾಡಿದ್ದನ್ನೂ ಅದು ಹೇಳುತ್ತದೆ. ಸಾವಿರ ವರ್ಷ ದಾಟಿದರೂ ಲಿಪಿ ಬಲ್ಲವರು ಅದನ್ನು ಓದುತ್ತಾರೆ. ಯಾವ ಸರ್ವರನ್ನೂ ಕೇಳಬೇಕಿಲ್ಲ. ಚೌಕವನ್ನು ಕಲ್ಲಿನಲ್ಲಿ ಕೆತ್ತಿಸಿ ಎಂದು ಯಾರೂ ಹೇಳುತ್ತಿಲ್ಲ. ಆದರೆ ಸ್ಮಾರಕದ ಮುಂದೆ, ಬಾಗೇವಾಡಿಯ ದೇಗುಲದ ಮುಂದೆ, ಆಸ್ಪತ್ರೆಯ ಗೋಡೆಯ ಮೇಲೆ ‘ವಿವರಗಳಿಗೆ ಸ್ಕ್ಯಾನ್ ಮಾಡಿ’ ಎಂಬ ಫಲಕ ಹಾಕುವವರು, ವಿವರದ ತಿರುಳನ್ನು ನಾಲ್ಕು ಸಾಲಿನಲ್ಲಿ ಅಲ್ಲೇ ಬರೆದುಬಿಟ್ಟರೆ ಕೋಡ್ ಸತ್ತರೂ ಫಲಕ ಬದುಕುತ್ತದೆ.

ಇದುವರೆಗೆ ಹೇಳಿದ್ದು ಯಂತ್ರಕ್ಕಾಗಿಯೇ ಬರೆದದ್ದನ್ನು ಯಂತ್ರ ಓದುವ ಸಂಗತಿ. ಕ್ಯಾಮೆರಾದ ಇನ್ನೊಂದು ಓದು ಇದಕ್ಕಿಂತ ಕಷ್ಟದ್ದು, ನಮ್ಮವರಿಗೆ ಇದಕ್ಕಿಂತ ಬೆಲೆಯುಳ್ಳದ್ದು: ಮನುಷ್ಯರಿಗಾಗಿ ಬರೆದ ಅಕ್ಷರವನ್ನು ಓದುವುದು. ತಹಶೀಲ್ದಾರ್ ಕಚೇರಿಯ ನೋಟಿಸು, ಬ್ಯಾಂಕಿನ ಪತ್ರ, ಔಷಧದ ಚೀಟಿ, ಬಸ್ಸಿನ ಫಲಕ, ಗೋವೆಗೋ ಮಹಾರಾಷ್ಟ್ರದ ಕಬ್ಬಿನ ಸೀಮೆಗೋ ಗುಳೆ ಹೋದವರ ಕೈಗೆ ಬರುವ ಮರಾಠಿ ಕಾಗದ, ಇವಕ್ಕೆಲ್ಲ ಯಾರೂ ಚೌಕ ಅಂಟಿಸಿರುವುದಿಲ್ಲ. ಫೋನು ಹಿಡಿದರೆ ಅಕ್ಷರವನ್ನು ಗುರುತಿಸಿ, ಬೇಕಾದ ಭಾಷೆಗೆ ತಿರುಗಿಸಿ, ಗಟ್ಟಿಯಾಗಿ ಓದಿ ಹೇಳಿದರೆ ಓದು ಬಾರದ ತಾಯಿಗೂ, ಕಣ್ಣು ಮಂಜಾದ ಅಜ್ಜನಿಗೂ ಪಕ್ಕದ ಮನೆಯ ಹುಡುಗನಿಗಾಗಿ ಕಾಯುವುದು ತಪ್ಪುತ್ತದೆ. ತನ್ನ ಮನೆಯ ಗುಟ್ಟಿನ ಕಾಗದವನ್ನು ಬೇರೆಯವರಿಂದ ಓದಿಸಿಕೊಳ್ಳುವ ಮುಜುಗರವೂ ತಪ್ಪುತ್ತದೆ. ಇದು ಕಲ್ಪನೆಯ ಮಾತಲ್ಲ. 2017ರಲ್ಲಿ ಗೂಗಲ್ ಪ್ರಕಟಿಸಿದ ಲೆನ್ಸ್ ಇಂದು ಅಚ್ಚಾದ ಕನ್ನಡವನ್ನು ಸಾಕಷ್ಟು ಚೆನ್ನಾಗಿ ಓದುತ್ತದೆ. ಆದರೆ ಅದರ ಬಳಕೆ ಹಣದ ಚೌಕದ ಬಳಕೆಯ ಹತ್ತಿರಕ್ಕೂ ಬಂದಿಲ್ಲ. ಎಷ್ಟೋ ಫೋನುಗಳಲ್ಲಿ ಅದು ಇದ್ದರೂ ಇದೆಯೆಂಬುದೇ ಒಡೆಯರಿಗೆ ತಿಳಿದಿಲ್ಲ.

ಕನ್ನಡ ಓದಲು ಯಂತ್ರಕ್ಕೆ ತೊಡಕು ಎಲ್ಲಿದೆ? ಇಂಗ್ಲಿಷ್ ಅಕ್ಷರಗಳು ಮಣಿ ಪೋಣಿಸಿದಂತೆ ಒಂದರ ಪಕ್ಕ ಒಂದು ನಿಲ್ಲುತ್ತವೆ. ಕನ್ನಡದ ಅಕ್ಷರ ಮೇಲಕ್ಕೆ ಗುಡಿಸು ಹೊರುತ್ತದೆ, ಬಲಕ್ಕೆ ದೀರ್ಘ ಚಾಚುತ್ತದೆ, ಕೆಳಕ್ಕೆ ಒತ್ತು ಇಳಿಬಿಡುತ್ತದೆ. ಕೆಲವೊಮ್ಮೆ ಒತ್ತಿನ ಮೇಲೆ ಒತ್ತು. ಐವತ್ತರ ಒಳಗಿನ ವರ್ಣಮಾಲೆ ಗುಣಿತ, ಒತ್ತುಗಳ ಕೂಟದಲ್ಲಿ ಸಾವಿರಾರು ರೂಪಗಳಾಗಿ ಬೆಳೆಯುತ್ತದೆ. ಪಕಾರ, ವಕಾರ, ಮಕಾರಗಳು ಒಡಹುಟ್ಟಿದವರಂತೆ. ದಕಾರಕ್ಕೂ ಧಕಾರಕ್ಕೂ ನಡುವೆ ಇರುವುದು ಕೆಳಗಿನ ಒಂದು ಸೀಳು ಮಾತ್ರ, ಮಸುಕಾದ ಜೆರಾಕ್ಸಿನಲ್ಲಿ ಅದು ಮೊದಲು ಅಳಿಯುತ್ತದೆ. ಅನುಸ್ವಾರದ ಸೊನ್ನೆಗೂ ಅಂಕಿಯ ಸೊನ್ನೆಗೂ ರೂಪ ಒಂದೇ. ಆದರೂ ಇವು ದಾಟಲಾರದ ಗೋಡೆಗಳಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯ ಕನ್ನಡ ಲಿಪಿಗಾಗಿ ‘ಲಿಪಿ ಜ್ಞಾನಿ’ ಎಂಬ ಓದುವ ತಂತ್ರಾಂಶ ಕಟ್ಟಿತು. ಅಚ್ಚಿನ ಕನ್ನಡ ಪುಸ್ತಕಗಳನ್ನು ದೃಷ್ಟಿಹೀನರಿಗಾಗಿ ಬ್ರೈಲ್‌ಗೆ ಇಳಿಸುವ ಕೆಲಸಕ್ಕೆ ಅದು ಬಂತು. 1980ರ ದಶಕದಲ್ಲಿ ಎಚ್‌ಪಿ ಸಂಸ್ಥೆಯಲ್ಲಿ ಹುಟ್ಟಿ 2005ರಲ್ಲಿ ಎಲ್ಲರಿಗೂ ಮುಕ್ತವಾದ ಟೆಸರಾಕ್ಟ್ ತಂತ್ರಾಂಶಕ್ಕೂ ಕನ್ನಡ ಬರುತ್ತದೆ. ಇನ್ನೊಂದು ಕಡೆ, 2021ರಲ್ಲಿ ಆ್ಯಪಲ್ ತನ್ನ ಫೋನಿನಲ್ಲಿ ಚಿತ್ರದೊಳಗಿನ ಅಕ್ಷರ ಓದುವ ಸೌಲಭ್ಯ ತಂದಾಗ ಅದಕ್ಕೆ ಬರುತ್ತಿದ್ದದ್ದು ಏಳು ಭಾಷೆ. ಅವುಗಳಲ್ಲಿ ಭಾರತದ ನೆಲದ್ದು ಒಂದೂ ಇರಲಿಲ್ಲ. ಅಂದರೆ ಕೊರತೆ ಇರುವುದು ಲಿಪಿಯ ಸುರುಳಿಯಲ್ಲಿ ಅಲ್ಲ, ಕೇಳುವವರ ದನಿಯಲ್ಲಿ. ಹಣದ ಚೌಕದ ಹಿಂದೆ ಬ್ಯಾಂಕು, ಸರ್ಕಾರ, ಕಂಪನಿಗಳೆಲ್ಲ ನಿಂತವು. ಕನ್ನಡದ ಓದಿನ ಹಿಂದೆ ಕೆಲವು ಪ್ರಯೋಗಾಲಯಗಳು, ಕೆಲವು ಹುಮ್ಮಸ್ಸಿನ ತರುಣರು ನಿಂತರು.

ಇಲ್ಲಿ ಒಂದು ಗಟ್ಟಿ ಆಕ್ಷೇಪಣೆ ಎದುರಾಗುತ್ತದೆ, ಅದನ್ನು ಜಾರಿಸುವಂತಿಲ್ಲ. ಚೌಕ ತಪ್ಪಿದರೆ ಓದಲಾರೆ ಎಂದು ಸುಮ್ಮನಾಗುತ್ತದೆ. ಅಕ್ಷರ ಓದುವ ಯಂತ್ರ ಹಾಗಲ್ಲ, ತಿಳಿಯದ ಕಡೆ ಅಂದಾಜು ಮಾಡಿ ತಿಳಿದವರಂತೆಯೇ ಹೇಳಿಬಿಡುತ್ತದೆ. ಔಷಧದ ಪ್ರಮಾಣದಲ್ಲಿ ಒಂದು ಚುಕ್ಕಿ ಬಿಟ್ಟರೆ, ಸರ್ವೆ ನಂಬರಿನಲ್ಲಿ ಒಂದು ಅಂಕಿ ತಿರುಗಿದರೆ ಆಗುವ ಹಾನಿ ಸಣ್ಣದಲ್ಲ. ಹಾಗಿದ್ದ ಮೇಲೆ ನಂಬಿಕಸ್ತ ಚೌಕವನ್ನೇ ಎಲ್ಲೆಡೆ ಹಾಕಬಾರದೇಕೆ? ಈ ಮಾತಿನಲ್ಲಿ ಅರ್ಧ ನಿಜವಿದೆ. ಚೌಕ ತನ್ನೊಳಗಿನ ಅಂಕಿಗಳನ್ನು ತಪ್ಪಿಲ್ಲದೆ ಓದುತ್ತದೆ, ಆದರೆ ಆ ಅಂಕಿಗಳೇ ಸುಳ್ಳಾಗಿದ್ದರೆ ಅದನ್ನು ಹೇಳಲು ಅದಕ್ಕೆ ಬಾಯಿಲ್ಲ. ಮೋಸದ ಚೌಕವೂ ನಿಖರವಾಗಿಯೇ ಸ್ಕ್ಯಾನ್ ಆಗುತ್ತದೆ. ಅಕ್ಷರದ ಓದು ತಪ್ಪಿದಾಗಲಾದರೂ ಮೂಲ ಕಾಗದ ಕೈಯಲ್ಲೇ ಇರುತ್ತದೆ, ಬಲ್ಲವರು ತಾಳೆ ನೋಡಬಹುದು. ಒಂದರ ಕೊರತೆಯನ್ನು ಇನ್ನೊಂದು ತುಂಬುವುದರಿಂದಲೇ ಎರಡೂ ಒಟ್ಟಿಗಿರಬೇಕು. ಔಷಧದ ಪಟ್ಟಿಯ ಮೇಲೆ ಕೋಡಿರಲಿ, ಮುಗಿಯುವ ದಿನ ದೊಡ್ಡ ಅಕ್ಷರದಲ್ಲೂ ಇರಲಿ. ಫೋನು ಎರಡನ್ನೂ ಓದಿ, ಹೊಂದದಿದ್ದರೆ ‘ತಾಳೆಯಾಗುತ್ತಿಲ್ಲ’ ಎನ್ನಲಿ. ಇದು ತಂತ್ರಜ್ಞರಿಗೆ ಕಷ್ಟದ ಕೆಲಸವಲ್ಲ. ಇನ್ನೊಂದು ಎಚ್ಚರವೂ ಬೇಕು: ಅಕ್ಷರ ಓದಿಸಲು ತೆಗೆದ ಚಿತ್ರ ಅನೇಕ ಸಲ ದೂರದ ಕಂಪ್ಯೂಟರಿಗೆ ಹೋಗಿ ಬರುತ್ತದೆ. ಆಧಾರ್, ಪಾಸ್‌ಬುಕ್‌ಗಳನ್ನು ಸಿಕ್ಕ ಸಿಕ್ಕ ಆ್ಯಪಿನ ಕಣ್ಣಿಗೆ ಹಿಡಿಯಬಾರದು. ಕನ್ನಡದ ಓದು ಫೋನಿನೊಳಗೇ ಆಗುವಂತೆ ಮಾಡಿದರೆ ಈ ಭಯವೂ ಸಿಗ್ನಲ್ಲಿನ ಹಂಗೂ ಎರಡೂ ತಪ್ಪುತ್ತವೆ.

ಓದಿಸುವ ಕೆಲಸಕ್ಕೆ ಈ ಜಿಲ್ಲೆಯಲ್ಲಿ ದೊಡ್ಡ ಪರಂಪರೆಯೇ ಇದೆ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ನೆಲದಲ್ಲಿ ಅವರ ವಚನಗಳು ಶತಮಾನಗಳ ಕಾಲ ತಾಡೋಲೆಗಳಲ್ಲಿ, ಮಠ ಮನೆಗಳ ಜಂತಿಗಳಲ್ಲಿ ಮುಚ್ಚಿಕೊಂಡಿದ್ದವು. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು (1880–1964) ಊರೂರು ತಿರುಗಿ ಆ ಓಲೆಗಳನ್ನು ಕೂಡಿಹಾಕಿ, ಓದಿ, ಕೈಯಾರೆ ನಕಲು ಮಾಡಿ, 1923ರಲ್ಲಿ ‘ವಚನಶಾಸ್ತ್ರ ಸಾರ’ ಹೊರತಂದರು. ಮುಂದೆ ಸ್ವಂತ ಮುದ್ರಣಾಲಯ ತೆರೆದು, 1926ರಿಂದ ‘ಶಿವಾನುಭವ’ ಪತ್ರಿಕೆ ನಡೆಸಿದರು. ಓಲೆಯ ಲಿಪಿಯಿಂದ ಅಚ್ಚಿನ ಲಿಪಿಗೆ ದಾಟಿಸಿದ ಆ ಕೆಲಸದಿಂದಲೇ ಇಂದು ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಅಂತರ್ಜಾಲದ ‘ವಚನ ಸಂಚಯ’ದಲ್ಲಿ ಪದ ಪದವಾಗಿ ಹುಡುಕಬಹುದಾಗಿದೆ. ಈಗಿನ ಕಾಲದ ತಾಡೋಲೆಗಳು ತಾಲ್ಲೂಕು ಕಚೇರಿಗಳ ದಾಖಲೆ ಕೋಣೆಗಳಲ್ಲಿವೆ. ರಾಜ್ಯದ ಕಂದಾಯ ಇಲಾಖೆ 2024ರಲ್ಲಿ ಆರಂಭಿಸಿದ ‘ಭೂ ಸುರಕ್ಷಾ’ ಯೋಜನೆಯಲ್ಲಿ ಹಳೆಯ ಭೂದಾಖಲೆಗಳನ್ನು ಸ್ಕ್ಯಾನ್ ಮಾಡಲಾಗುತ್ತಿದೆ. ಹುಳು ಹಿಡಿಯುವ, ಕಾಣೆಯಾಗುವ ಕಾಗದಕ್ಕೆ ಇದೊಂದು ರಕ್ಷೆ. ಆದರೆ ಸ್ಕ್ಯಾನ್ ಮಾಡಿದ್ದು ಚಿತ್ರ, ಓದಿದ್ದಲ್ಲ. 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಸೀಮೆಯ ಹಳೆಯ ಕಾಗದಗಳಲ್ಲಿ ಕೈಬರಹದ ಕನ್ನಡವಿದೆ, ಮರಾಠಿಯಿದೆ, ಮೋಡಿ ಲಿಪಿಯೂ ಇದೆ. ಅವನ್ನು ಓದಬಲ್ಲವರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ಅವರು ಇರುವಾಗಲೇ ಅವರ ಓದನ್ನು ಚಿತ್ರದ ಪಕ್ಕದಲ್ಲಿ ಬರೆದಿಟ್ಟರೆ ಯಂತ್ರಕ್ಕೆ ಕಲಿಸಲು ಪಾಠವಾಗುತ್ತದೆ. ಇಲ್ಲದಿದ್ದರೆ ಕೋಟಿಗಟ್ಟಲೆ ಚಿತ್ರಗಳು ಕಂಪ್ಯೂಟರಿನ ಜಂತಿಯಲ್ಲಿ ಮತ್ತೆ ಮುಚ್ಚಿಕೊಂಡಿರುತ್ತವೆ.

ಉಳಿದ ಆಕ್ಷೇಪಗಳು ಇಷ್ಟು ಭಾರದವಲ್ಲ. ಪೊಟ್ಟಣದ ಮೇಲೆ ಕನ್ನಡಕ್ಕೆ ಜಾಗವಿಲ್ಲ ಎನ್ನುವವರಿಗೆ ಗೆರೆಗಳ ಕೆಳಗಿನ ಅಂಕಿಗಳೇ ಉತ್ತರ. ಚೂಯಿಂಗ್ ಗಮ್ಮಿನ ಪೊಟ್ಟಣದ ಮೇಲೂ ಅವುಗಳಿಗೆ ಜಾಗ ಸಿಕ್ಕಿತ್ತು. ಯಂತ್ರವೇ ಓದಿ ಹೇಳಿದರೆ ಜನ ಓದು ಕಲಿಯುವುದನ್ನೇ ಬಿಟ್ಟಾರು ಎಂಬ ಭಯವೂ ಇದೆ. ಆದರೆ ದನಿ ಮತ್ತು ಅಕ್ಷರ ಒಟ್ಟಿಗೆ ಬಂದಾಗ, ಓದುತ್ತಿರುವ ಪದ ಪರದೆಯ ಮೇಲೆ ಬೆಳಗಿದಾಗ, ಅದು ಕಲಿಕೆಯ ಮೆಟ್ಟಿಲೂ ಆಗಬಲ್ಲದು; ಅಕ್ಷರವನ್ನು ಪೂರ್ತಿ ಮರೆಮಾಡುವ ಚೌಕಕ್ಕೆ ಮಾತ್ರ ಆ ಶಕ್ತಿ ಇಲ್ಲ. ಇನ್ನು ಕೆಲವರಿಗೆ ಚೌಕದ ಮೇಲೆಯೇ ಅಪನಂಬಿಕೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಾಗ ರಾಜ್ಯದ ಎಷ್ಟೋ ಅಂಗಡಿಗಳು ಚೌಕ ಕಿತ್ತು ‘ನಗದು ಮಾತ್ರ’ ಎಂದು ಬರೆದವು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಸರ್ಕಾರ ಸಮಾಧಾನ ಹೇಳಬೇಕಾಯಿತು. ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ ವಹಿವಾಟಿನ ಮಿತಿ ಇದೆ, ಹಸಿ ತರಕಾರಿಗೆ ತೆರಿಗೆಯೇ ಇಲ್ಲ ಎಂಬ ಮಾತು ಚೌಕ ಅಂಟಿಸುವ ದಿನವೇ ಕನ್ನಡದಲ್ಲಿ ತಿಳಿದಿದ್ದರೆ ಅಷ್ಟು ಗಾಬರಿ ಆಗುತ್ತಿರಲಿಲ್ಲ. ಓದಿ ಹೇಳದೆ ಸಹಿ ಹಾಕಿಸಿಕೊಂಡ ಕಾಗದದ ಮೇಲೆ ಯಾರಿಗೆ ತಾನೆ ನಂಬಿಕೆ ಬರುತ್ತದೆ?

ಬೇಕಾದದ್ದು ದೊಡ್ಡ ಯೋಜನೆಯಲ್ಲ. ಸರ್ಕಾರ ಅಂಟಿಸುವ ಪ್ರತಿ ಚೌಕದ ಕೆಳಗೆ ಅದು ಎಲ್ಲಿಗೆ ಕರೆದೊಯ್ಯುತ್ತದೆ, ಏನು ಕೊಡುತ್ತದೆ ಎಂದು ಒಂದು ಸಾಲು ಕನ್ನಡ ಕಡ್ಡಾಯವಾಗಲಿ. ಹಣ ಪಡೆಯುವವರ ಹೆಸರು ಕನ್ನಡ ಲಿಪಿಯಲ್ಲೂ ಕಾಣಲಿ, ಪಿನ್ ಒತ್ತುವ ಮೊದಲು ಕೇಳಲೂ ಸಿಗಲಿ. ಕಚೇರಿಗಳು ಹಳೆಯ ಅಕ್ಷರಶೈಲಿ ಬಿಟ್ಟು ಯುನಿಕೋಡಿನಲ್ಲಿ ಬರೆಯಲಿ, ಆಗ ಕಡತವನ್ನು ಫೋನು ನೇರವಾಗಿಯೇ ಓದಿ ಹೇಳಬಲ್ಲದು. ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಕ್ಯಾಮೆರಾದಿಂದ ಕಾಗದ ಓದಿಸುವುದನ್ನು ಒಂದು ಮಧ್ಯಾಹ್ನ ಕಲಿಸಿದರೆ ಸಾಕು. ಇಂಡಿಯ ನಿಂಬೆಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ; ನಾಳೆ ಆ ಪೆಟ್ಟಿಗೆಗಳ ಮೇಲೂ ಚೌಕ ಬಂದು, ದೂರದ ಊರಿನ ಗಿರಾಕಿ ಅದನ್ನು ಸ್ಕ್ಯಾನ್ ಮಾಡಿ ಈ ಹಣ್ಣು ಭೀಮೆಯ ಸೀಮೆಯದ್ದು ಎಂದು ತನ್ನ ಭಾಷೆಯಲ್ಲಿ ಓದಿಕೊಳ್ಳಬಹುದು. ಅದೇ ಪೆಟ್ಟಿಗೆಯನ್ನು ತುಂಬಿ ಕಟ್ಟಿದ ಹೆಣ್ಣುಮಗಳಿಗೆ ಅದರ ಮೇಲೆ ಏನು ಬರೆದಿದೆ ಎಂದು ಯಾರನ್ನೂ ಕೇಳದೆ ತಿಳಿಯುವ ದಿನ, ಗೆರೆಗಳ ಕೆಳಗಿನ ಅಂಕಿ ತನ್ನ ಜಾಗಕ್ಕೆ ಮರಳಿತೆಂದು ಹೇಳಬಹುದು.